ವಾಮದಪದವಿನ ವಿಲ್ಲನ್

ಕೂಸಪ್ಪನ ಮುಖ ಕೆಟ್ಟದ್ದೇನೂ ಅಲ್ಲ. ಆದರೆ ಅದರ ಮೇಲೊಂದು ಮೀಸೆ ಇತ್ತು. ವಾಮದಪದವಿನ ಆಸುಪಾಸಿನಲ್ಲಿ ಅಷ್ಟು ದಪ್ಪದ ಮೀಸೆ ಇನ್ನೊಂದು ಇದ್ದದ್ದು ಮೇಗಿನಗುತ್ತಿನ ಚಿನ್ನಯ್ಯ ಹೆಗ್ಡೆಯವರಿಗೆ ಮಾತ್ರ. ಅವರದ್ದನ್ನು ಜನ ಗಾಂಭೀರ್ಯ ಎಂದು ಕರೆಯುತ್ತಿದ್ದರು. ಕೂಸಪ್ಪ ಅವರ ಒಕ್ಕಲು. ಆದ್ದರಿಂದ ಅವನದ್ದು ಬರೀ ಮೀಸೆ.

ಗುತ್ತಿನ, ಅಂದರೆ ಹೆಗ್ಡೆಯವರ ದೊಡ್ಡಮನೆಯ, ಕೆಳಬದಿಯ ಮೂರು ಗದ್ದೆಗಳನ್ನು ಅವನು ಚಾಲಗೇಣಿಗೆ ಮಾಡುತ್ತಿದ್ದ. ಚಾಲಗೇಣಿ ಎಂದರೆ, ದಣಿಗಳಿಗೆ ಮನಸ್ಸಿರುವಷ್ಟು ದಿನ ಒಕ್ಕಲು ಇರಬೇಕು, ಮನಸ್ಸು ಬದಲಾದ ದಿನ ಪಾತ್ರೆಪಗಡಿ ಕಟ್ಟಿಕೊಂಡು ಹೊರಡಬೇಕು. ಕಾಗದ, ಪತ್ರ, ರಶೀದಿ ಎಂಬ ತಲೆನೋವುಗಳಿಲ್ಲ. ಎಲ್ಲ ಬಾಯಿಮಾತಿನ ಒಪ್ಪಂದ. ಬಾಯಿ ದಣಿಗಳದ್ದು, ಕಿವಿ ಒಕ್ಕಲಿನದ್ದು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಹೆಗ್ಡೆಯವರ ಒಬ್ಬನೇ ಮಗ ರಮಾನಾಥ ಮಂಗಳೂರಿನಿಂದ ಊರಿಗೆ ಹಿಂದಿರುಗಿದ. ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಅವನು ಎರಡು ಸಲ ಫೇಲಾಗಿದ್ದ. ಮೂರನೆಯ ಸಲ ಪರೀಕ್ಷೆಗೆ ಆ ಅವಕಾಶ ಕೊಡದೆ ಸಮಾಜ ಸುಧಾರಣೆಗೆ ಇಳಿದುಬಿಟ್ಟ. ಸುಧಾರಣೆಯ ಮೊದಲ ಹೆಜ್ಜೆಯಾಗಿ ಶಾಲೆಯ ಸಹಾಯಾರ್ಥ ಒಂದು ಸಾಮಾಜಿಕ ನಾಟಕ ಬರೆದ. ಹೆಸರು ‘ಉಳುವವನ ಕಣ್ಣೀರು’. ಅದರಲ್ಲೊಬ್ಬ ಕ್ರೂರ ಜಮೀನುದಾರ. ಒಕ್ಕಲನ್ನು ಎಬ್ಬಿಸುತ್ತಾನೆ, ವಿಧವೆಯ ಮನೆಯ ಮಾಡು ಕೀಳಿಸುತ್ತಾನೆ, ಅವಳ ಮಗಳ ಮೇಲೆ ಕಣ್ಣು ಹಾಕುತ್ತಾನೆ. ಕೊನೆಗೆ ಸುಶಿಕ್ಷಿತ ತರುಣನೊಬ್ಬ ಬಂದು ಅವನ ಕೆನ್ನೆಗೆ ಬಾರಿಸಿ ಉಳುವವನ ಕಣ್ಣೀರು ಒರೆಸುತ್ತಾನೆ. ತರುಣನ ಪಾತ್ರ ಬಹಳ ಕಷ್ಟದ್ದಾದ್ದರಿಂದ ಅದನ್ನು ಬರೆದವನೇ ಇಟ್ಟುಕೊಂಡ.

ಸಿಕ್ಕದೆ ಹೋದದ್ದು ಜಮೀನುದಾರ. ಊರಿನಲ್ಲಿ ಅಕ್ಷರ ಬಲ್ಲವರನ್ನೆಲ್ಲ ಕೇಳಿದ್ದಾಯಿತು. ದುಷ್ಟ ಜಮೀನುದಾರನ ವೇಷ ಹಾಕಿ ಚಿನ್ನಯ್ಯ ಹೆಗ್ಡೆಯವರ ಎದುರು ನಿಲ್ಲುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಆ ಹೊತ್ತಿಗೆ ಕೂಸಪ್ಪ ಸುಗ್ಗಿ ಕೊಯ್ದ ಗದ್ದೆಯಲ್ಲಿ ನಾಟಕದ ಚಪ್ಪರಕ್ಕೆ ಕಂಬ ನಡುತ್ತಿದ್ದ. ಅದು ಒಕ್ಕಲಿನ ಬಿಟ್ಟಿ ಕೆಲಸ. ಹಗ್ಗ ಹಿಡಿದವನಿಗೆ ಅವನು “ಎಳೆಯಾ!” ಎಂದು ಕೂಗಿದ್ದು ಗುತ್ತಿನ ಚಾವಡಿಯವರೆಗೆ ಕೇಳಿಸಿತು. ರಮಾನಾಥ ಹೊರಗೆ ಬಂದು ನೋಡಿದ. ಸ್ವರವೂ ಇತ್ತು, ಮೀಸೆಯೂ ಇತ್ತು.

“ಕೂಸಪ್ಪಾ, ನಮ್ಮ ನಾಟಕಕ್ಕೆ ನೀನೇ ವಿಲ್ಲನ್.”

“ಆಯ್ತು ಸಣ್ಣ ದಣಿಗಳೇ,” ಎಂದ ಕೂಸಪ್ಪ. “ಎಷ್ಟು ದಿನದ ಕೆಲಸ?”

ವಿಲ್ಲನ್ ಎಂದರೆ ಏನೆಂದು ದಣಿಗಳ ಹತ್ತಿರ ಕೇಳುವ ಕ್ರಮವಿರಲಿಲ್ಲ. ಕೇಳಬಹುದಾದವನು ಪದವಿನಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಅಬ್ದುಲ್ ಸಮದ್. ಅವನು ಲೋಕ ತಿರುಗಿದವನು. ಅಂದರೆ ಕಣ್ಣೂರಿನವರೆಗೆ ಹೋಗಿಬಂದವನು.

“ಇದು ಇಂಗ್ಲಿಷ್ ಅಲ್ಲ ಮಾರಾಯ, ಮಲಯಾಳ,” ಎಂದು ಸಮದ್ ತಕ್ಕಡಿ ಕೆಳಗಿಟ್ಟು ಹೇಳಿದ. “ವಿಲ್ಲು ಅಂದ್ರೆ ಬಿಲ್ಲು. ವಿಲ್ಲನ್ ಅಂದ್ರೆ ಬಿಲ್ಲು ಹಿಡಿದವ. ನಿನಗೆ ಅರ್ಜುನನ ಪಾರ್ಟು ಬಂದದ್ದು!”

ಕೂಸಪ್ಪ ಮನೆಗೆ ಹೋಗಿ ಹೆಂಡತಿ ಸೇಸಮ್ಮನಿಗೆ ಸುದ್ದಿ ಹೇಳಿದ. ಅವಳು ಒಲೆಯ ಬೂದಿ ತೆಗೆಯುತ್ತಿದ್ದಳು. ಸುದ್ದಿ ಕೇಳಿ ಏಳಲಿಲ್ಲ.

“ಅರ್ಜುನನಾ? ಬಿಲ್ಲು ಎಲ್ಲುಂಟು?”

“ಬಿಲ್ಲಿಲ್ಲ. ದೊಡ್ಡ ದಣಿಗಳ ಹಳೇ ಕೋಟು ಕೊಟ್ಟಿದ್ದಾರೆ. ಬೆಳ್ಳಿ ಹಿಡಿಯ ಬೆತ್ತವೂ ಉಂಟು.”

“ಅರ್ಜುನ ಕೋಟು ಹಾಕ್ತಾನಾ?”

“ಸಾಮಾಜಿಕ ನಾಟಕ ಅಲ್ವಾ?” ಎಂದ ಕೂಸಪ್ಪ. “ಹಾಕ್ತಾನೆ.”

ಅವನಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲೂ ಗದ್ದೆಯಲ್ಲೂ ಮಾತೆಲ್ಲ ತುಳು. ಕನ್ನಡ ಎಂದರೆ ಕಚೇರಿಯವರೂ ಮಾಸ್ಟ್ರುಗಳೂ ಆಡುವ ಭಾಷೆ. ಹಾಗಾಗಿ ಮಾತುಗಳನ್ನು ಬಾಯಿಪಾಠ ಮಾಡಿಸುವ ಕೆಲಸ ಶಾಲೆಯ ಲೋಕಯ್ಯ ಮಾಸ್ಟ್ರಿಗೆ ಬಿತ್ತು. ಅವರು ಬೆಳುವಾಯಿಯವರು, ಸೈಕಲ್ಲಿನಲ್ಲಿ ಬಂದು ಹೋಗುವ, ಎದುರಿನಿಂದ ಎಮ್ಮೆ ಬಂದರೂ ಇಳಿದು ದಾರಿ ಬಿಡುವ ಸಾಧು ಮನುಷ್ಯ. ಒಂದು ತಿಂಗಳು ಕೂಸಪ್ಪ ನೇಗಿಲ ಹಿಂದೆ ನಡೆಯುತ್ತ “ಎಲೈ ಪಾಮರರೇ, ಈ ಭೂಮಿ ಯಾರದೆಂದು ಬಲ್ಲಿರಾ?” ಎಂದು ಕೋಣಗಳನ್ನು ಕೇಳಿದ. ಕೋಣಗಳಿಗೆ ಗೊತ್ತಿತ್ತೋ ಏನೋ, ಉತ್ತರ ಕೊಡಲಿಲ್ಲ.

ತನ್ನ ಅರ್ಜುನ ಹೆಂಗಸರನ್ನು ಅಳಿಸುತ್ತಾನೆಂಬುದು ಅಭ್ಯಾಸದ ಮೂರನೆಯ ದಿನವೇ ಕೂಸಪ್ಪನ ಗಮನಕ್ಕೆ ಬಂತು. ಮಾಸ್ಟ್ರನ್ನು ಕೇಳಿದ. “ಕತೆ ಹಾಗೆ ಉಂಟು ಕೂಸಪ್ಪಾ,” ಎಂದರು ಅವರು, ಆಚೀಚೆ ನೋಡಿ. ಕರ್ಣನೂ ಒಳ್ಳೆಯ ಬಿಲ್ಲುಗಾರನೇ, ಆದರೂ ಅವನು ಕೌರವರ ಕಡೆ ನಿಂತಿರಲಿಲ್ಲವೆ ಎಂದು ಕೂಸಪ್ಪ ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡ.

ಇನ್ನು ಜಮೀನುದಾರನ ಗತ್ತು. ಕೂಸಪ್ಪ ಹತ್ತಿರದಿಂದ ಕಂಡ ಜಮೀನುದಾರ ಒಬ್ಬರೇ. ಅವರು ಮಾತಾಡುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಎದುರಿನವನ ಕಣ್ಣನ್ನು ನೋಡದೆ ಅವನ ತಲೆಗಿಂತ ಒಂದು ಗೇಣು ಮೇಲೆ ನೋಡುತ್ತಿದ್ದರು. ಹೇಳಿದ್ದು ಸ್ಪಷ್ಟವಾಗಿ ಕೇಳಿಸಿದರೂ “ಹ್ಞಾಂ?” ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ಕೂಸಪ್ಪ ಅದನ್ನೇ ಮಾಡಿದ. ಯಾರನ್ನಾದರೂ ಅಣಕಿಸಬೇಕೆಂದು ಅಲ್ಲ. ಬೇರೆ ಮಾಡುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.

ಹೆಗ್ಡೆಯವರ ಕೋಟಿನಲ್ಲಿ, ಹೆಗ್ಡೆಯವರ ಬೆತ್ತ ಹಿಡಿದು, ಅವನು ಗ್ಯಾಸ್‌ಲೈಟಿನ ಬೆಳಕಿಗೆ ಬಂದು ಎರಡು ಸಲ ಕೆಮ್ಮಿದಾಗ ಚಾಪೆಯ ಮೇಲೆ ಕೂತಿದ್ದ ಜನ ಉಸಿರು ಬಿಗಿಹಿಡಿದರು. ಆಮೇಲೆ ನಗು ಎದ್ದಿತು ನೋಡಿ, ಚಪ್ಪರದ ಮಡಲು ಹಾರುವಷ್ಟು. ಬಾಳ್ವೆಯಿಡೀ ನಗದೆ ಇದ್ದ ಮುದುಕರು ಕೂಡ ಮುಂಡಾಸಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಎದುರಿನ ಏಕೈಕ ಕುರ್ಚಿಯಲ್ಲಿ ಕೂತಿದ್ದ ಹೆಗ್ಡೆಯವರೂ ಚಪ್ಪಾಳೆ ತಟ್ಟಿದರು. ವಿಧವೆಯ ಮನೆ ಮುರಿಯುವಾಗ ಕಣ್ಣೊರೆಸಿಕೊಂಡು, “ಇಂಥ ಜನವೂ ಇರ್ತಾರೆ ಮಾರಾಯ್ರೆ,” ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಹೌದು ಹೌದೆಂದರು.

ಹೀಗೆ ವರ್ಷಕ್ಕೊಂದು ನಾಟಕವಾಯಿತು. ಕತೆಗಳ ಹೆಸರು ಬದಲಾಗುತ್ತಿತ್ತು, ಕತೆ ಬದಲಾಗುತ್ತಿರಲಿಲ್ಲ. ಪ್ರತಿ ವರ್ಷ ಗುತ್ತಿನ ಕುಮಾರ ಬಡವರನ್ನು ಉದ್ಧರಿಸುತ್ತಿದ್ದ, ಪ್ರತಿ ವರ್ಷ ಬಡವ ಜಮೀನುದಾರನಾಗಿ ಪೆಟ್ಟು ತಿನ್ನುತ್ತಿದ್ದ. ನಾಟಕ ಮುಗಿದ ಮರುದಿನ ಕೂಸಪ್ಪ ಕೋಟನ್ನು ಮಡಚಿ ಗುತ್ತಿಗೆ ಒಪ್ಪಿಸಿ, ಚಪ್ಪರ ಬಿಚ್ಚುತ್ತಿದ್ದ. ಊರು ಅವನನ್ನು ವಿಲ್ಲನ್ ಕೂಸಪ್ಪ ಎಂದೇ ಕರೆಯಿತು. ಅವನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಬಿರುದು ಉದುರಿದ್ದು ಐದಾರು ವರ್ಷಗಳ ಮೇಲೆ. ಗುತ್ತಿನ ಚಾವಡಿಯಲ್ಲಿ ರಮಾನಾಥನ ಮಂಗಳೂರಿನ ಗೆಳೆಯರು ಕೂತಿದ್ದರು. ಕೂಸಪ್ಪ ಅಂಗಳದಲ್ಲಿ ಸೌದೆ ಇಳಿಸುತ್ತಿದ್ದ. “ನೋಡಿ, ಇವನೇ ನಮ್ಮ ವಿಲ್ಲನ್,” ಎಂದ ರಮಾನಾಥ. ಕೂಸಪ್ಪ ಖುಷಿಯಾಗಿ, “ಆದ್ರೂ ಸಣ್ಣ ದಣಿಗಳೇ, ಒಂದು ವರ್ಷವೂ ಬಿಲ್ಲು ಕೊಡಲಿಲ್ಲ ನೀವು,” ಎಂದುಬಿಟ್ಟ.

“ಬಿಲ್ಲಾ? ಎಂತಕ್ಕೆ?”

ಕೂಸಪ್ಪ ಸಮದನ ಅರ್ಥ ಹೇಳಿದ. ಚಾವಡಿಯವರು ನಕ್ಕು ನಕ್ಕು ಕಂಬ ಹಿಡಿದುಕೊಂಡರು. ರಮಾನಾಥ ಕಣ್ಣೊರೆಸಿಕೊಂಡು ಶಿಕ್ಷಣ ಕೊಟ್ಟ: “ವಿಲ್ಲನ್ ಅಂದ್ರೆ ದುಷ್ಟ, ಕೂಸಪ್ಪಾ. ನೀಚ. ಉಂಡ ಮನೆಗೆ ದ್ರೋಹ ಮಾಡುವವ. ತಿಳೀತಾ?”

“ತಿಳೀತು,” ಎಂದ ಕೂಸಪ್ಪ. ಉಳಿದ ಸೌದೆಯನ್ನೂ ಇಳಿಸಿಯೇ ಮನೆಗೆ ಹೋದ. ಆ ದಿನ ಊಟಕ್ಕೆ ಕೂತು ಎದ್ದ, ಅಷ್ಟೆ. ಸೇಸಮ್ಮ ಕಾರಣ ಕೇಳಿ ತಿಳಿದುಕೊಂಡು, “ಆರು ವರ್ಷ ಊರೆಲ್ಲ ನಿಮ್ಮನ್ನು ನೀಚ ಅಂತ ಕರೆದದ್ದಾ? ನಾನೂ ಬಾವಿಕಟ್ಟೆಯಲ್ಲಿ ವಿಲ್ಲನ್‌ನ ಹೆಂಡತಿ ಅಂತ ಎದೆ ಸೆಟೆಸಿ ನಡೆದೆನಲ್ಲ!” ಎಂದಳು. ಅವಳಿಗೆ ಸಿಟ್ಟು ಬಂದದ್ದು ಗುತ್ತಿನವರ ಮೇಲಲ್ಲ, ಸಮದನ ಮೇಲೆ. ಆರು ತಿಂಗಳು ಅವನ ಅಂಗಡಿಯ ಮೀನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆದರೂ ಮುಂದಿನ ವರ್ಷ ಕೂಸಪ್ಪ ವೇಷ ಹಾಕಿದ. ಬೇಡ ಎನ್ನುವುದು ಚಾಲಗೇಣಿಯ ಒಪ್ಪಂದದಲ್ಲಿ ಇರಲಿಲ್ಲ. ಮಗಳು ಪೂವಮ್ಮನಿಗೆ ಮಿಜಾರಿನಿಂದ ಸಂಬಂಧ ಬಂದಾಗ, ದುಷ್ಟನ ಮನೆಯ ಹೆಣ್ಣು ಎಂದು ಬಿಟ್ಟಾರೋ ಎಂದು ಅವನಿಗೆ ಹೆದರಿಕೆಯಿತ್ತು. ಬಂದ ಗಂಡಿನ ತಂದೆ ವೀಳ್ಯ ತೆಗೆದುಕೊಂಡು, ಬಾಗಿಲಿನ ಕಡೆ ಒಮ್ಮೆ ನೋಡಿ, ಸಣ್ಣ ಸ್ವರದಲ್ಲಿ, “ಭಾವಾ, ಹೇಗೂ ಯಾರೂ ಇಲ್ಲ... ಒಮ್ಮೆ ಹೆಗ್ಡೆಯವರನ್ನು ಮಾಡಿ ತೋರಿಸಿ,” ಎಂದರು.

ಕೂಸಪ್ಪ ಬೆವತುಹೋದ. ತಾನು ಹೆಗ್ಡೆಯವರನ್ನು ಮಾಡುತ್ತಿದ್ದೇನೆಂದು ಬೇರೆಯವರ ಬಾಯಲ್ಲಿ ಕೇಳಿದ್ದು ಅವನು ಅಂದೇ. ಮೂರು ತಾಲೂಕಿಗೆ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ ಗೊತ್ತಿರಲಿಲ್ಲ: ಅವನಿಗೆ ಮತ್ತು ಹೆಗ್ಡೆಯವರಿಗೆ. ಈಗ ಒಬ್ಬರೇ ಉಳಿದರು.

ಆ ಒಬ್ಬರಿಗೂ ತಿಳಿದದ್ದು ಅರವತ್ತನಾಲ್ಕರ ನಾಟಕದಲ್ಲಿ. ಆ ವರ್ಷ ಕುರ್ಚಿಗಳು ಎರಡಿದ್ದವು. ಒಂದರಲ್ಲಿ ಹೆಗ್ಡೆಯವರು, ಇನ್ನೊಂದರಲ್ಲಿ ಬೆಳ್ತಂಗಡಿಗೆ ಹೊಸದಾಗಿ ಬಂದಿದ್ದ, ಘಟ್ಟದ ಮೇಲಿನ ಊರಿನ ಒಬ್ಬ ಅಧಿಕಾರಿ. ಕೂಸಪ್ಪ ಬಂದು ಎರಡು ಸಲ ಕೆಮ್ಮಿದ. ಅಧಿಕಾರಿ ತಿರುಗಿ ಹೆಗ್ಡೆಯವರನ್ನು ನೋಡಿದರು, ಮತ್ತೆ ರಂಗದ ಕಡೆ ನೋಡಿದರು.

“ಏನ್ ಸ್ವಾಮಿ, ಈತ ನಿಮ್ಮ ತಮ್ಮನೇನು? ಕೆಮ್ಮೋದು, ನಿಲ್ಲೋದು, ಎಲ್ಲ ಥೇಟ್ ನಿಮ್ಮ ಹಾಗೇ ಇದೆಯಲ್ಲ!”

“ಹ್ಞಾಂ?” ಎಂದರು ಹೆಗ್ಡೆಯವರು.

ರಂಗದ ಮೇಲಿಂದ ಕೂಸಪ್ಪನೂ ಅದೇ ಗಳಿಗೆಗೆ “ಹ್ಞಾಂ?” ಎಂದ. ಹನ್ನೊಂದು ವರ್ಷದ ಚಪ್ಪಾಳೆ ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ಚಾವಡಿಗೆ ಕರೆ ಬಂತು. ಹೆಗ್ಡೆಯವರು ಕೂಸಪ್ಪನ ತಲೆಗಿಂತ ಒಂದು ಗೇಣು ಮೇಲೆ ನೋಡಲು ಹೊರಟು, ಏನೋ ನೆನಪಾದವರಂತೆ ದೃಷ್ಟಿ ಕೆಳಗಿಳಿಸಿದರು. ಬಂದ ಕೆಮ್ಮನ್ನೂ ನುಂಗಿಕೊಂಡರು.

“ಗದ್ದೆ ಬಿಟ್ಟುಕೊಡು. ಈ ಸುಗ್ಗಿಗೆ ಸಾಕು.”

“ನಾನು ಎಂತ ತಪ್ಪು ಮಾಡಿದ್ದೇನೆ ದಣಿಗಳೇ?”

“ನೀನು ವಿಲ್ಲನ್. ಇಡೀ ಊರಿಗೆ ಗೊತ್ತುಂಟು. ಅಂಥವನನ್ನು ಒಕ್ಕಲು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.”

ಇನ್ನೊಂದು ಕಾರಣವನ್ನು ಅವರು ಹೇಳಲಿಲ್ಲ. ಬೆಂಗಳೂರಿನಲ್ಲಿ ಭೂಸುಧಾರಣೆಯ ಕಾನೂನು ತಯಾರಾಗಿತ್ತು, ಜಾರಿಗೆ ಬರುವುದಷ್ಟೇ ಬಾಕಿ. ಅದು ಬರುವ ಮೊದಲು ಒಕ್ಕಲುಗಳನ್ನು ಖಾಲಿ ಮಾಡಿಸುವುದು ಜಾಣತನವೆಂದು ಜಿಲ್ಲೆಯ ಎಲ್ಲ ಚಾವಡಿಗಳಿಗೂ ಏಕಕಾಲಕ್ಕೆ ಹೊಳೆದಿತ್ತು.

ಕೂಸಪ್ಪ ನೇರ ಶಾಲೆಗೆ ನಡೆದ. ಮಕ್ಕಳು ಊಟಕ್ಕೆ ಹೋಗಿದ್ದರು. ಲೋಕಯ್ಯ ಮಾಸ್ಟ್ರು ಒಬ್ಬರೇ ಬುತ್ತಿ ಬಿಚ್ಚುತ್ತಿದ್ದರು.

“ಮಾಸ್ಟ್ರೇ, ಹನ್ನೊಂದು ವರ್ಷ ನನಗೆ ಮಾತು ಕಲಿಸಿದಿರಿ. ಈ ಒಂದು ಮಾತಿನ ಅರ್ಥ ಹೇಳಲಿಲ್ಲ. ಗದ್ದೆ ಹೋಗುವುದಾದ್ರೆ ಯಾವ ಮಾತಿಗೆ ಹೋಗ್ತದೆ ಅಂತ ಆದ್ರೂ ನನಗೆ ಗೊತ್ತಾಗಲಿ.”

ಮಾಸ್ಟ್ರು ಬುತ್ತಿ ಮುಚ್ಚಿದರು. ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ನಿಘಂಟು ತೆಗೆದರು. ಊರು ಬಿಟ್ಟು ಹೋದ ಪಾದ್ರಿಯೊಬ್ಬರ ಪುಸ್ತಕ ಅದು. ಕೊನೆಯ ನಾಲ್ಕು ಅಕ್ಷರಗಳನ್ನು ಗೆದ್ದಲು ತಿಂದು ಮುಗಿಸಿತ್ತು. ವಿಲ್ಲನ್ ಇರುವ ಅಕ್ಷರದ ಅಂಚಿಗೆ ಬಂದು ನಿಂತಿತ್ತು. ಮಾಸ್ಟ್ರು ಕನ್ನಡಕ ಒರೆಸಿ ಓದಿದರು, ಇನ್ನೊಮ್ಮೆ ಓದಿದರು, ಎದ್ದು ಹೋಗಿ ಬಾಗಿಲು ಅಡ್ಡ ಮಾಡಿ ಬಂದರು.

“ಕೂಸಪ್ಪಾ, ಹಳೇ ಕಾಲದಲ್ಲಿ ರೋಮಿನವರ ಲ್ಯಾಟಿನ್ ಅಂತ ಒಂದು ಭಾಷೆ. ಅದರಲ್ಲಿ ‘ವಿಲ್ಲಾ’ ಅಂದ್ರೆ ಹಳ್ಳಿಯಲ್ಲಿ ಗದ್ದೆಬಯಲಿನ ನಡುವೆ ಇರುವ ದಣಿಗಳ ದೊಡ್ಡ ಮನೆ.”

“ಅಂದ್ರೆ ಗುತ್ತು.”

“ಹಾಗೇ ಹೇಳು. ಆ ಮನೆಗೆ ಸೇರಿದ ಗದ್ದೆಯಲ್ಲಿ ದುಡಿಯುವವನನ್ನು ‘ವಿಲ್ಲಾನುಸ್’ ಅಂದರು. ಅದು ಫ್ರಾನ್ಸಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ವಿಲ್ಲನ್ ಆಯಿತು. ಮೊದಲಿನ ಅರ್ಥ ಅಷ್ಟೆ. ದಣಿಗಳ ಭೂಮಿಗೆ ಕಟ್ಟುಬಿದ್ದ ಒಕ್ಕಲು.”

ಕೂಸಪ್ಪ ಬೆಂಚಿನ ಮೇಲೆ ಕೂತ. ಆ ಶಾಲೆಯ ಬೆಂಚನ್ನು ಹೊತ್ತು ತಂದದ್ದೇ ಅವನು. ಕೂತದ್ದು ಅದೇ ಮೊದಲು.

“ಮತ್ತೆ ನೀಚ ಆದದ್ದು ಹೇಗೆ ಮಾಸ್ಟ್ರೇ? ಅವ ಎಂತ ಮಾಡಿದ?”

“ಅವ ಎಂತದೂ ಮಾಡಲಿಲ್ಲ. ಗದ್ದೆ ಮಾಡಿದ. ಆದ್ರೆ ಅಕ್ಷರ ಇದ್ದದ್ದು ದೊಡ್ಡ ಮನೆಯವರ ಹತ್ತಿರ ಅಲ್ವಾ? ಅವರು ಮೊದಲು ವಿಲ್ಲನ್ ಅಂದ್ರೆ ಒಕ್ಕಲು ಅಂದರು. ಆಮೇಲೆ ಒರಟ ಅಂದರು. ಮತ್ತೆ ನಂಬಲಿಕ್ಕಾಗದವ, ಕಳ್ಳ, ನೀಚ ಅಂತ ಒಂದೊಂದೇ ಸೇರಿಸಿದರು. ನಾನೂರು ಐನೂರು ವರ್ಷದಲ್ಲಿ ಒಕ್ಕಲು ಅನ್ನುವ ಅರ್ಥ ಉದುರಿಹೋಯ್ತು, ನೀಚ ಅನ್ನುವುದು ಮಾತ್ರ ಉಳೀತು.”

“ನಮ್ಮಲ್ಲಿ ಅಷ್ಟು ವರ್ಷ ಬೇಕಾಗಲಿಲ್ಲ,” ಎಂದ ಕೂಸಪ್ಪ. “ಹಾಗಾದ್ರೆ ದೊಡ್ಡ ದಣಿಗಳು ಇವತ್ತು ಚಾವಡಿಯಲ್ಲಿ ನನ್ನನ್ನು ವಿಲ್ಲನ್ ಅಂದದ್ದು, ಒಕ್ಕಲು ಅಂತ ಒಪ್ಪಿಕೊಂಡ ಹಾಗೆ ಆಯ್ತಲ್ಲ?” ಎಂದು ಕೇಳಿದ.

ಎಮ್ಮೆಗೂ ದಾರಿ ಬಿಡುವ ಲೋಕಯ್ಯ ಮಾಸ್ಟ್ರು ಆ ದಿನ ಊಟ ಮಾಡಲಿಲ್ಲ.

ಗದ್ದೆ ಬಿಡುವುದಿಲ್ಲ ಎಂದು ಕೂಸಪ್ಪ ಯಾರಿಗೂ ಹೇಳಲಿಲ್ಲ. ಹೇಳಿದರೆ ಜಗಳವಾಗುತ್ತದೆ. ಹೊತ್ತು ಬಂದಾಗ ಹೋಗಿ ಉತ್ತ, ಬಿತ್ತಿದ, ಕೊಯ್ದ. ಗೇಣಿಯ ಅಕ್ಕಿ ಹೊತ್ತುಕೊಂಡು ಹೋದರೆ ಗುತ್ತಿನವರು ಬಾಗಿಲು ತೆಗೆಯಲಿಲ್ಲ. ಜಗಲಿಯ ಮೇಲಿಟ್ಟು ಬಂದ. ಅಕ್ಕಿ ಮಾತ್ರ ಮರುದಿನ ಜಗಲಿಯಲ್ಲಿ ಇರುತ್ತಿರಲಿಲ್ಲ. ಅರವತ್ತೈದರ ಕೊನೆಗೆ ಕಾನೂನು ಜಾರಿಗೆ ಬಂತು. ಮಾಸ್ಟ್ರು ಬಾಗಿಲು ಹಾಕಿಕೊಂಡು ಅರ್ಜಿ ಬರೆದರು, ಕೂಸಪ್ಪ ಹೆಬ್ಬೆಟ್ಟು ಒತ್ತಿದ. ಮರುವರ್ಷ ಬಂಟ್ವಾಳದ ಕಚೇರಿಯಲ್ಲಿ ವಿಚಾರಣೆಗೆ ಕರೆ ಬಂತು.

ಆದರೆ ಪುರಾವೆ ಎಲ್ಲಿ? ಹಿಂದಿನ ಸಂಜೆ ಮಾಸ್ಟ್ರು ಅದೇ ಚಿಂತೆಯಲ್ಲಿ ಕೂಸಪ್ಪನ ಮನೆಗೆ ಬಂದರು. “ಒಂದು ಚೀಟಿಯಾದ್ರೂ ಇಲ್ವಾ ಸೇಸಮ್ಮ, ಗುತ್ತಿನವರು ಕೊಟ್ಟದ್ದು?”

“ಈ ಮನೆಯಲ್ಲಿ ಕಾಗದ ಅಂತ ಇರುವುದು ನನ್ನ ಸೀರೆಯ ಪೆಟ್ಟಿಗೆಗೆ ಅಂಟಿಸಿದ್ದು ಮಾತ್ರ,” ಎಂದಳು ಸೇಸಮ್ಮ. ಮಾಸ್ಟ್ರು ಪೆಟ್ಟಿಗೆ ತೆರೆಯಿಸಿದರು. ಒಳಗೆ ಮೂಡುಬಿದಿರೆಯಲ್ಲಿ ಅಚ್ಚಾದ ನಾಟಕದ ನೋಟೀಸುಗಳು, ವರ್ಷಕ್ಕೊಂದರಂತೆ. ಗುತ್ತಿನ ಔದಾರ್ಯ ನಾಲ್ಕು ಮಂದಿಗೆ ತಿಳಿಯಲೆಂದು ರಮಾನಾಥ ಪ್ರತಿ ವರ್ಷವೂ ದಪ್ಪ ಅಕ್ಷರದಲ್ಲಿ ಹಾಕಿಸಿದ್ದ: ‘ವಿಲ್ಲನ್ ಪಾತ್ರದಲ್ಲಿ, ನಮ್ಮ ಮೇಗಿನಗುತ್ತಿನ ಕೆಳಗಿನ ಗದ್ದೆಯ ಒಕ್ಕಲು ಕೂಸಪ್ಪ.’ ಕೆಳಗೆ ರಮಾನಾಥನ ಹೆಸರು, ತಾರೀಕು. ಮಾಸ್ಟ್ರು ಪೆಟ್ಟಿಗೆಯ ಎದುರು ನೆಲದ ಮೇಲೆ ಕೂತುಬಿಟ್ಟರು. ಸೀರೆಗಳನ್ನು ಹೊರಗೆ ಹಾಕಿ ಪೆಟ್ಟಿಗೆಯನ್ನೇ ಮರುದಿನ ಬಸ್ಸಿಗೆ ಏರಿಸಿದರು.

ವಿಚಾರಣೆಯಲ್ಲಿ ಗುತ್ತಿನ ವಕೀಲರು, ಈತ ಒಕ್ಕಲೇ ಅಲ್ಲ, ಕರೆದಾಗ ಬರುವ ಕೂಲಿ ಎಂದರು. ಇಲ್ಲಿನ ಅಧಿಕಾರಿ ಬೇರೆಯವರು, ಮೈಸೂರು ಕಡೆಯವರು, ತುಳು ಬಾರದವರು. “ಏನಪ್ಪಾ, ನೀನೇ ಹೇಳು. ಎಷ್ಟು ವರ್ಷದಿಂದ ಗದ್ದೆ ಮಾಡ್ತಿದೀಯಾ?” ಎಂದರು.

ಕೂಸಪ್ಪ ಎದ್ದು ನಿಂತ. ಅವನಿಗೆ ಬರುತ್ತಿದ್ದ ಕನ್ನಡ ಒಂದೇ. ಎರಡು ಸಲ ಗಂಟಲು ಸರಿಮಾಡಿಕೊಂಡ. “ಎಲೈ ಅಧಿಕಾರಿಯೇ!” ಎಂದ. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿತು. ಲೋಕಯ್ಯ ಮಾಸ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ಕೇಳುವಂಥವನಾಗು! ಇಪ್ಪತ್ತಾರು ಸಂವತ್ಸರಗಳಿಂದ ಆ ಭೂಮಿಯನ್ನು ಉಳುತ್ತಿರುವವನು ನಾನು! ಅದರ ಒಂದೊಂದು ಹೆಂಟೆಯೂ ಈ ದೀನನ... ಈ ದೀನನ...”

ನಾಯಕನ ಮಾತು ಅದು; ರಂಗದ ಮೂಲೆಯಲ್ಲಿ ನಿಂತು ಕೇಳಿ ಕೇಳಿ ಬಂದದ್ದು. ಮುಂದಿನದು ನೆನಪಾಗಲಿಲ್ಲ. ಹೆಗ್ಡೆಯವರ ಹಿಂದೆ ಕೂತಿದ್ದ ರಮಾನಾಥ, ಹನ್ನೊಂದು ವರ್ಷದ ಅಭ್ಯಾಸ ಬಿಡಲಾರದೆ, ಬಗ್ಗಿ ಪಿಸುಗುಟ್ಟಿದ: “...ಬೆವರನ್ನು ಬಲ್ಲುದು!”

“ಬೆವರನ್ನು ಬಲ್ಲುದು!” ಎಂದು ಕೂಸಪ್ಪ ಗರ್ಜಿಸಿದ.

ಹೆಗ್ಡೆಯವರು ನಿಧಾನವಾಗಿ ತಿರುಗಿ ಮಗನನ್ನು ನೋಡಿದರು. ಅಧಿಕಾರಿ ನಗು ತಡೆಯಲು ನೀರು ಕುಡಿದು, ಪೆಟ್ಟಿಗೆಯ ಒಳಗೆ ತಲೆ ಹಾಕಿ ನೋಟೀಸುಗಳನ್ನು ಒಂದೊಂದಾಗಿ ಓದಿದರು. “ಇದು ನೀವೇ ಅಚ್ಚು ಹಾಕಿಸಿದ್ದಾ?” ಎಂದು ರಮಾನಾಥನನ್ನು ಕೇಳಿದರು. ಬರಹಗಾರನಿಗೆ ತನ್ನ ಕೃತಿಯನ್ನು ಅಲ್ಲಗಳೆಯಲು ಮನಸ್ಸಾಗಲಿಲ್ಲ. ಹೌದೆಂದ.

ಕೂಸಪ್ಪನ ಹೆಸರು ಒಕ್ಕಲು ಎಂದು ದಾಖಲಾಯಿತು. ಭೂಮಿ ಅವನದ್ದಾಗಲಿಲ್ಲ, ಅದಕ್ಕೆ ಇನ್ನೂ ಬೇರೆ ಕಾನೂನು ಬರಬೇಕಿತ್ತು. ಆದರೆ ಎಬ್ಬಿಸುವ ಹಾಗೂ ಇಲ್ಲವೆಂದಾಯಿತು. ಹೆಗ್ಡೆಯವರು ಮಗನೊಡನೆ ಮೂರು ತಿಂಗಳು ಮಾತಾಡಲಿಲ್ಲ. ಆಮೇಲಿನ ನಾಟಕಕ್ಕೆ ವಿಲ್ಲನ್ ಆಗಿ ಬಂದ ಹೊಸಬನಿಗೆ ಕೆಮ್ಮಲು ಧೈರ್ಯ ಸಾಲಲಿಲ್ಲ. ಅರ್ಧದಲ್ಲೇ ಜನ ಚಾಪೆ ಸುತ್ತಿಕೊಂಡು ಎದ್ದರು. ಮೂಡುಬಿದಿರೆಯ ತಂಡದವರು ಕೂಸಪ್ಪನನ್ನು ಕರೆದುಕೊಂಡು ಹೋಗಿ, ಮೀಸೆ ಸಣ್ಣ ಮಾಡಿಸಿ, ದಯಾಳು ತಂದೆಯ ಪಾತ್ರ ಕೊಟ್ಟರು. ದಯೆ ತೋರಿಸುವ ದೊಡ್ಡವರು ಹೇಗಿರುತ್ತಾರೆಂದು ಅವನು ಎಲ್ಲಿಯೂ ನೋಡಿರಲಿಲ್ಲವಾದ್ದರಿಂದ ಒಂದೇ ಆಟಕ್ಕೆ ವಾಪಸ್ಸು ಬಂದ.

ಅರವತ್ತೆಂಟರಲ್ಲಿ ರಮಾನಾಥ ಪಂಚಾಯತಿ ಚುನಾವಣೆಗೆ ನಿಂತ. ಉಳುವವರ ಬಂಧು ಎಂದು ನೋಟೀಸು ಹಾಕಿಸಿದ. ಓಟು ಕೇಳಲು ಕೂಸಪ್ಪನ ಅಂಗಳಕ್ಕೂ ಬಂದ. ಕೂಸಪ್ಪ ಗದ್ದೆಯ ಬದುವಿನಲ್ಲಿ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಎರಡು ತೆಂಗಿನ ಸಸಿಗಳು. ಚಾಲಗೇಣಿಯವರು ತೆಂಗು ನಡುವ ಕ್ರಮವಿಲ್ಲ. ಫಲ ಬರುವವರೆಗೆ ತಾನು ಇರುತ್ತೇನೆಂದು ಯಾವ ಒಕ್ಕಲಿಗೂ ಭರವಸೆ ಇರುವುದಿಲ್ಲ.

“ತೆಂಗಾ? ನಮ್ಮ ಗದ್ದೆಯಲ್ಲಾ?” ಎಂದ ರಮಾನಾಥ.

“ಹೌದು ಸಣ್ಣ ದಣಿಗಳೇ. ಏಳು ವರ್ಷಕ್ಕೆ ಕಾಯಿ ಬರ್ತದಂತೆ. ಕುರುವಾಯಿ ಹುಳ ತಿನ್ನದಿದ್ರೆ.”

ಅವನು ಸಸಿ ಇಳಿಸಿ, ಬುಡಕ್ಕೆ ಎರಡು ಮುಷ್ಟಿ ಉಪ್ಪು ಹಾಕಿ, ಮಣ್ಣು ಎಳೆದು, ಕಾಲಿನಿಂದ ಗಟ್ಟಿಯಾಗಿ ಮೆಟ್ಟಿದ. ಸೇಸಮ್ಮ ಕೊಡದಲ್ಲಿ ನೀರು ತಂದಳು. ಇನ್ನೊಂದು ಸಸಿಯ ಗುಂಡಿ ಇನ್ನೂ ಅರ್ಧವಷ್ಟೇ ಆಗಿತ್ತು. ರಮಾನಾಥ ನಿಂತೇ ಇದ್ದುದರಿಂದ, ಬೇರೇನೂ ತೋಚದೆ, ಕೂಸಪ್ಪ ಅವನ ಕೈಗೆ ಹಾರೆ ಕೊಟ್ಟ.